ಕುದುರೆ ನಡೆಯ ದೊರೆ

ರಾಜ್ಯ ಕೈತಪ್ಪಿ ಹೋಗುತ್ತಿರುವಾಗ ಚದುರಂಗದ ಹಾಸಿನ ಮುಂದೆ ಮೈಮರೆತು ಕುಳಿತ ದೊರೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿ ಆಳವಾಗಿ ಬೇರೂರಿದೆ. ಅವಧದ ಕೊನೆಯ ನವಾಬ ವಾಜಿದ್ ಅಲಿ ಷಾನ ಕಾಲದ ಇಬ್ಬರು ಜಹಗೀರುದಾರರ ಚದುರಂಗದ ಹುಚ್ಚನ್ನು ಕುರಿತು ಪ್ರೇಮಚಂದರು 1924ರಲ್ಲಿ ಬರೆದ ಕಥೆ, ಅದನ್ನು ಆಧರಿಸಿ 1977ರಲ್ಲಿ ಸತ್ಯಜಿತ್ ರಾಯ್ ನಿರ್ದೇಶಿಸಿದ ಚಲನಚಿತ್ರ, ಎರಡೂ ಸೇರಿ ಈ ಚಿತ್ರವನ್ನು ಗಟ್ಟಿಗೊಳಿಸಿದವು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನೂ ಇದೇ ಸಾಲಿನಲ್ಲಿ ನಿಲ್ಲಿಸಿ ಮಾತನಾಡುವವರು ಇಂದಿಗೂ ಇದ್ದಾರೆ. ದುಂದುಗಾರರು, ವಿಲಾಸಿಗಳು, ಆಟಗಳಲ್ಲಿ ಕಾಲ ಕಳೆದು ಸಂಸ್ಥಾನವನ್ನು ಇಂಗ್ಲಿಷರ ಕೈಗಿತ್ತವರು ಎಂಬುದು ಅವರ ಮೇಲಿನ ದೂರು. ಇದರಲ್ಲಿ ದುಂದಿನ ಮಾತು ಅಷ್ಟಿಷ್ಟು ನಿಜ. ಆಟದ ಮಾತು ಮಾತ್ರ ಕಾಲಗಣನೆಯ ಮುಂದೆ ನಿಲ್ಲುವುದಿಲ್ಲ. ಚದುರಂಗದ ಇತಿಹಾಸದಲ್ಲಿ ಅವರ ಹೆಸರನ್ನು ಉಳಿಸಿರುವ ಕೆಲಸ ರಾಜ್ಯ ಹೋದ ಎರಡು ದಶಕಗಳ ಅನಂತರದ್ದು.

ಮುಮ್ಮಡಿಯವರು ಹುಟ್ಟಿದ್ದು 1794ರ ಜುಲೈ 14ರಂದು, ಶ್ರೀರಂಗಪಟ್ಟಣದಲ್ಲಿ. ಹಸುಗೂಸಾಗಿರುವಾಗಲೇ ತಂದೆ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. 1799ರ ಮೇ 4ರಂದು ಟಿಪ್ಪು ಸುಲ್ತಾನ ಮಡಿದ ಮೇಲೆ ಇಂಗ್ಲಿಷರು ಹಳೆಯ ರಾಜವಂಶವನ್ನು ಹುಡುಕಿಕೊಂಡು ಬಂದರು. ಅದರ ಹಿಂದೆ ಅಜ್ಜಿ ಲಕ್ಷ್ಮಮ್ಮಣ್ಣಿಯವರ ದಶಕಗಳ ಗುಟ್ಟಿನ ಪ್ರಯತ್ನವಿತ್ತು. ಜೂನ್ 30ರಂದು ಪಟ್ಟಾಭಿಷೇಕವಾದಾಗ ಬಾಲಕನಿಗೆ ಐದು ವರ್ಷ ತುಂಬಲು ಇನ್ನೂ ಎರಡು ವಾರ ಬಾಕಿ. ಆಡಳಿತ ನಡೆಸಿದವರು ದಿವಾನ್ ಪೂರ್ಣಯ್ಯ. ಒಪ್ಪಂದದ ಪ್ರಕಾರ ಸಂಸ್ಥಾನವು ಕಂಪೆನಿಯ ಸೈನ್ಯದ ಖರ್ಚಿಗೆಂದು ವರ್ಷಕ್ಕೆ 7 ಲಕ್ಷ ವರಹ, ಎಂದರೆ 24.5 ಲಕ್ಷ ರೂಪಾಯಿ ಪೊಗದಿ ಕಟ್ಟಬೇಕಾಗಿತ್ತು. ಹುಟ್ಟುವಳಿಯ ಬಹುದೊಡ್ಡ ಪಾಲು ಅದಕ್ಕೇ ಹೋಗುತ್ತಿತ್ತು. 1807ರ ಪೂರಕ ಒಪ್ಪಂದದಿಂದ 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡುವ ಹೊರೆಯೂ ಸೇರಿತು. ಈ ಸವಾರರು ಪಿಂಡಾರಿಗಳ ಮತ್ತು ಮರಾಠರ ವಿರುದ್ಧ ಕಂಪೆನಿ ನಡೆಸಿದ ಯುದ್ಧಗಳಲ್ಲಿ ಕಾದಿದರು. ಮೈಸೂರಿನ ಕುದುರೆಗಳು ಹೀಗೆ ಬಹುಕಾಲ ಬೇರೊಬ್ಬರ ಹಾಸಿನ ಮೇಲೆ ನಡೆದವು.

1811ರಲ್ಲಿ ಪೂರ್ಣಯ್ಯ ನಿವೃತ್ತರಾದಾಗ ಖಜಾನೆಯಲ್ಲಿ 2 ಕೋಟಿ ರೂಪಾಯಿಗೂ ಮಿಗಿಲಾದ ಉಳಿತಾಯವಿತ್ತೆಂದು ಚರಿತ್ರೆಕಾರರು ಬರೆಯುತ್ತಾರೆ. ಹದಿನಾರು ಹದಿನೇಳರ ಹರೆಯದ ದೊರೆಯ ಕೈಗೆ ಅಧಿಕಾರ, ಹಣ ಒಟ್ಟಿಗೆ ಬಂದವು. ಕೊಡುಗೈ, ದೇವಾಲಯಗಳಿಗೆ ದತ್ತಿ, ವಿದ್ವಾಂಸರಿಗೆ ಸಂಭಾವನೆ, ಮೆಚ್ಚಿನವರಿಗೆ ಇನಾಮು ಎಲ್ಲವೂ ನಡೆದು ಎರಡು ದಶಕಗಳಲ್ಲಿ ಉಳಿತಾಯ ಕರಗಿ ಸಾಲ ಬೆಳೆಯಿತು. 1825ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಖುದ್ದಾಗಿ ಮೈಸೂರಿಗೆ ಬಂದು ಎಚ್ಚರಿಸಿ ಹೋದರು. ಆದರೆ ಅರಮನೆಯ ಖರ್ಚಿಗಿಂತ ಹೆಚ್ಚು ಕೆಡುಕು ಮಾಡಿದ್ದು ಕಂದಾಯ ವಸೂಲಿಯ ಷರತ್ತಿನ ಪದ್ಧತಿ ಎಂಬುದು ನನ್ನ ಅಭಿಪ್ರಾಯ. ಇಂತಿಷ್ಟು ಹಣ ಕಟ್ಟುತ್ತೇನೆಂದು ಅಧಿಕಾರಿ ಮುಚ್ಚಳಿಕೆ ಬರೆದುಕೊಡುವುದು, ಕಡಿಮೆ ಬಿದ್ದರೆ ಕೈಯಿಂದ ತುಂಬುವುದು, ಹೆಚ್ಚು ಬಂದರೆ ಲೆಕ್ಕ ಒಪ್ಪಿಸುವುದು. ಕೊನೆಯ ಮಾತು ಕಾಗದದಲ್ಲಿ ಮಾತ್ರ ಉಳಿಯಿತೆಂದು ಬೇರೆ ಹೇಳಬೇಕಾಗಿಲ್ಲ. ಗುರಿ ಮುಟ್ಟಿಸುವ ಭಾರ ಹೊತ್ತ ಕೆಳಗಿನ ನೌಕರ ರೈತನ ಮೇಲೆ ಏನು ಮಾಡುತ್ತಾನೆಂಬುದು ಸರ್ಕಾರಿ ಸೇವೆಯಲ್ಲಿ ಇದ್ದವರಿಗೆ ಗೊತ್ತಿರುವ ಸಂಗತಿಯೇ. ಇದರ ಮೇಲೆ ಆ ವರ್ಷಗಳಲ್ಲಿ ದಕ್ಷಿಣ ಭಾರತದಾದ್ಯಂತ ಧಾನ್ಯದ ಬೆಲೆ ಕುಸಿದಿತ್ತು. ಬೆಲೆ ಬಿದ್ದಾಗ ನಗದು ಕಂದಾಯದ ಮೊತ್ತ ಮಾತ್ರ ಬೀಳದೆ ನಿಂತರೆ ರೈತ ಅದೇ ತೆರಿಗೆಗೆ ಹೆಚ್ಚು ಮೂಟೆ ಅಕ್ಕಿ ಮಾರಬೇಕಾಗುತ್ತದೆ.

1830ರಲ್ಲಿ ನಗರದ ಸೀಮೆ ಸಿಡಿದೆದ್ದಿತು. ನಮ್ಮ ತೆಕ್ಕಟ್ಟೆಯವರಿಗೆ ಇದು ದೂರದ ಊರಲ್ಲ. ಕುಂದಾಪುರ, ಸಿದ್ದಾಪುರ, ಹೊಸಂಗಡಿ ದಾಟಿ ಬಾಳೆಬರೆ ಘಾಟಿ ಹತ್ತಿದರೆ ಸಿಕ್ಕುವ ಹಳೆಯ ಬಿದನೂರೇ ಆ ನಗರ. ಕೆಳದಿಯ ಅರಸರ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ದಂಗೆಯ ಮುಂದಾಳಾದ. ರೈತರು ಕೂಟ ಸೇರಿ ಕಂದಾಯ ನಿಲ್ಲಿಸಿದರು. ಕಂಪೆನಿಯ ಸೈನ್ಯದ ನೆರವಿಲ್ಲದೆ ದಂಗೆ ಅಡಗಲಿಲ್ಲ.

ಮೈಸೂರಿನ ಚರಿತ್ರೆ ಹೇಳುವಾಗ ಸಾಮಾನ್ಯವಾಗಿ ಬಿಟ್ಟುಹೋಗುವ ವಿಷಯವೊಂದಿದೆ. ಅದೇ 1830-31ರಲ್ಲಿ ಘಟ್ಟದ ಕೆಳಗಿನ ಕೆನರಾ ಜಿಲ್ಲೆಯಲ್ಲಿಯೂ ರೈತರು ಕೂಟಗಳನ್ನು ಕಟ್ಟಿ ತೆರಿಗೆ ಕೊಡಲು ನಿರಾಕರಿಸಿದರು. ಇಲ್ಲಿ ಆಳುತ್ತಿದ್ದವನು ವಿಲಾಸಿ ರಾಜನಲ್ಲ, ಕಂಪೆನಿಯ ಕಲೆಕ್ಟರು. ಘಟ್ಟದ ಮೇಲೆ ಷರತ್ತಿನ ಪದ್ಧತಿ, ಕೆಳಗೆ ಮದ್ರಾಸಿನ ಕಂದಾಯ ಕ್ರಮ. ಎರಡು ಆಡಳಿತಗಳ ಅಡಿಯಲ್ಲಿ, ಒಂದೇ ಋತುವಿನಲ್ಲಿ, ಒಂದೇ ಬಗೆಯ ಪ್ರತಿಭಟನೆ. ಕೆಳಗಿನ ಕೂಟಗಳ ಕಾರಣಕ್ಕೆ ಕೆನರಾವನ್ನು ಕಂಪೆನಿಯಿಂದ ಯಾರೂ ಕಿತ್ತುಕೊಳ್ಳಲಿಲ್ಲ. ಮೇಲಿನ ಕೂಟಗಳಿಗಾಗಿ ಮೈಸೂರನ್ನು 1831ರ ಅಕ್ಟೋಬರಿನಲ್ಲಿ ದೊರೆಯಿಂದ ಕಿತ್ತುಕೊಳ್ಳಲಾಯಿತು.

ಗವರ್ನರ್ ಜನರಲ್ ಲಾರ್ಡ್ ಬೆಂಟಿಂಕರಿಗೇ ಈ ಕ್ರಮದ ಬಗ್ಗೆ ಬಲುಬೇಗ ಅಳುಕು ಹುಟ್ಟಿತು. ಒಪ್ಪಂದದ ಪ್ರಕಾರ ಪೊಗದಿಗೆ ಧಕ್ಕೆಯಾಗುವ ಸಂದರ್ಭದಲ್ಲಿ ಅದಕ್ಕೆ ಸಾಲುವಷ್ಟು ಸೀಮೆಯನ್ನು ವಶಕ್ಕೆ ತೆಗೆದುಕೊಳ್ಳಬಹುದಿತ್ತೇ ಹೊರತು ಇಡೀ ಸಂಸ್ಥಾನವನ್ನಲ್ಲ ಎಂಬ ವಾದಕ್ಕೆ ಬಲವಿತ್ತು. ಸಂಸ್ಥಾನದ ಒಂದು ಭಾಗವನ್ನಾದರೂ ದೊರೆಗೆ ಹಿಂತಿರುಗಿಸಬಹುದೆಂದು 1834ರಲ್ಲಿ ಬೆಂಟಿಂಕ್ ಸೂಚಿಸಿದರು. ಲಂಡನ್ನಿನ ನಿರ್ದೇಶಕ ಮಂಡಳಿ ಒಪ್ಪಲಿಲ್ಲ. ದಂಗೆಯ ಕಾರಣ ವಿಚಾರಿಸಲು ನೇಮಕವಾದ ನಾಲ್ವರ ಸಮಿತಿಯಲ್ಲಿದ್ದ ಮಾರ್ಕ್ ಕಬ್ಬನ್ನರೇ 1834ರಿಂದ 1861ರವರೆಗೆ ಕಮಿಷನರಾಗಿ ಮೈಸೂರನ್ನು ಆಳಿದರು. ಕಬ್ಬನ್ನರ ಆಡಳಿತ ಬಿಗಿಯಾಗಿತ್ತು, ಕಂದಾಯದ ಹಿಂಸೆ ಕಡಿಮೆಯಾಯಿತು, ರಸ್ತೆಗಳಾದವು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ಅಧಿಕಾರ ಹೋದಾಗ ಮುಮ್ಮಡಿಯವರಿಗೆ ಮೂವತ್ತೇಳು ವರ್ಷ. ಮುಂದೆ ಬದುಕಿದ್ದು ಹೆಚ್ಚುಕಡಮೆ ಅಷ್ಟೇ ಕಾಲ. ವರ್ಷಕ್ಕೆ ಒಂದು ಲಕ್ಷ ವರಹ, ನಿವ್ವಳ ಹುಟ್ಟುವಳಿಯಲ್ಲಿ ಐದನೆಯ ಒಂದು ಪಾಲು ಅವರಿಗೆ ಸಲ್ಲುತ್ತಿತ್ತು. ಸಿಂಹಾಸನ ಇತ್ತು, ದಸರಾ ದರ್ಬಾರು ಇತ್ತು. ಸಹಿ ಹಾಕಲು ಕಡತಗಳಿರಲಿಲ್ಲ. ನಿವೃತ್ತಿಯ ಮಾರನೆಯ ಬೆಳಿಗ್ಗೆ ಹತ್ತು ಗಂಟೆಗೆ ಏನು ಮಾಡುವುದೆಂದು ತೋಚದೆ ಕುಳಿತ ಅನುಭವ ನನ್ನ ಸಹೋದ್ಯೋಗಿಗಳಲ್ಲಿ ಅನೇಕರಿಗಿದೆ. ಮೂವತ್ತೇಳರಲ್ಲಿ, ಅವಮಾನದ ಜೊತೆಗೆ ಬಂದ ಬಿಡುವು ಎಂಥದಿದ್ದೀತು?

ಆ ಬಿಡುವನ್ನು ಅವರು ಬಳಸಿಕೊಂಡ ಬಗೆ ಮೈಸೂರಿನ ಮುಂದಿನ ನೂರು ವರ್ಷಗಳ ಸಂಸ್ಕೃತಿಗೆ ತಳಹದಿಯಾಯಿತು. 1833ರಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುವ ಉಚಿತ ಶಾಲೆ ತೆರೆಯಿತು. ಬೆಳೆದು ಮಹಾರಾಜಾ ಕಾಲೇಜಾದದ್ದು ಅದೇ. ಅರಮನೆಯಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂದಿತು. ಕವಿಗಳು, ವೈಣಿಕರು, ಚಿತ್ರಕಾರರು ಆಶ್ರಯ ಪಡೆದರು. 1861ರಲ್ಲಿ ಜಗನ್ಮೋಹನ ಅರಮನೆ ಎದ್ದಿತು. ದೇವತೆಗಳ ಸ್ವರೂಪ, ಧ್ಯಾನಗಳನ್ನು ಚಿತ್ರಸಹಿತ ವಿವರಿಸುವ ಶ್ರೀತತ್ತ್ವನಿಧಿ ಎಂಬ ಮಹಾಗ್ರಂಥ ಅವರ ಹೆಸರಿನಲ್ಲಿ ಸಿದ್ಧವಾಯಿತು. ಅದರ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ, ಎಂದರೆ ಆಟಗಳ ನಿಧಿ. ಮೂವತ್ತಾರು ಎಲೆಗಳಿಂದ ಹಿಡಿದು 360 ಎಲೆಗಳವರೆಗಿನ ಇಸ್ಪೀಟಿನಂಥ ಚೀಟಿ ಆಟಗಳು, ಹಾಸಿನ ಆಟಗಳು ಅದರಲ್ಲಿವೆ. ಶಕ್ತಿ, ವಿಷ್ಣು, ಶಿವರ ಧ್ಯಾನಗಳ ಜೊತೆಗೆ ಆಟಕ್ಕೂ ಒಂದು ನಿಧಿಯ ಸ್ಥಾನ ಕೊಟ್ಟದ್ದು ಅಲಕ್ಷಿಸುವ ಸಂಗತಿಯಲ್ಲ.

ಇವೆಲ್ಲದರ ನಡುವೆ ಅವರ ಮನಸ್ಸು ನೆಟ್ಟದ್ದು ಚದುರಂಗದ ಕುದುರೆಯ ಮೇಲೆ. ಕುದುರೆ ಎರಡು ಮನೆ ನೇರ ಹೋಗಿ ಒಂದು ಮನೆ ಪಕ್ಕಕ್ಕೆ ಹೊರಳುತ್ತದೆ. ಬರಿದಾದ ಹಾಸಿನ ಮೇಲೆ ಒಂದೇ ಕುದುರೆಯನ್ನಿಟ್ಟು, ಒಮ್ಮೆ ಮೆಟ್ಟಿದ ಮನೆಯನ್ನು ಮತ್ತೆ ಮೆಟ್ಟದೆ, ಒಂದನ್ನೂ ಬಿಡದೆ 64 ಮನೆಗಳನ್ನೂ ಸುತ್ತಿಸಬೇಕು. ಪ್ರಯತ್ನಿಸಿದವರಿಗೆ ಗೊತ್ತು, ಮೊದಲ ನಲವತ್ತು ನಲವತ್ತೈದು ಮನೆಗಳು ಸಲೀಸು. ಆಮೇಲೆ ಯಾವುದೋ ಮೂಲೆ ಒಂಟಿಯಾಗಿ ಉಳಿದುಬಿಡುತ್ತದೆ. ಮೂಲೆಯ ಮನೆಗೆ ಇರುವುದು ಎರಡೇ ದಾರಿ. ಒಂದರಿಂದ ಬಂದರೆ ಇನ್ನೊಂದರಿಂದಲೇ ಹೊರಡಬೇಕು. ಎರಡರಲ್ಲಿ ಒಂದನ್ನು ಮೊದಲೇ ಬಳಸಿಬಿಟ್ಟರೆ ಆ ಮೂಲೆಗೆ ಹೋದ ಕುದುರೆ ಅಲ್ಲಿಂದ ಹೊರಡುವಂತಿಲ್ಲ. ಆದ್ದರಿಂದ ಅಂಚು ಮೂಲೆಗಳನ್ನು ಮೊದಲು ಮುಗಿಸಿ ನಡುವನ್ನು ಕಡೆಗೆ ಇಟ್ಟುಕೊಳ್ಳುವುದು ಜಾಣತನ.

ಈ ಸಮಸ್ಯೆ ನಮ್ಮಲ್ಲಿ ಹೊಸದಲ್ಲ. ಒಂಬತ್ತನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ರುದ್ರಟ ಚಿತ್ರಕವಿತ್ವದ ಒಂದು ಬಗೆಯಾಗಿ ತುರಗಪದವನ್ನು ತೋರಿಸುತ್ತಾನೆ. ಅಡ್ಡಲಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅರ್ಥ ಕೊಡುವ ಶ್ಲೋಕವದು. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ, ಎಂದರೆ ಹನ್ನೆರಡನೆಯ ಶತಮಾನದಲ್ಲಿ, ಚದುರಂಗದ ವಿವರಣೆಯೊಂದಿಗೆ ಕುದುರೆಯ ಸಂಚಾರವೂ ಬರುತ್ತದೆ. ವೇದಾಂತ ದೇಶಿಕರ ಪಾದುಕಾಸಹಸ್ರದಲ್ಲಿ ಮೂವತ್ತೆರಡು ಮನೆಗಳ ಅರ್ಧ ಹಾಸಿನ ಮೇಲೆ ಕುದುರೆ ಓಡುತ್ತದೆ. ಯುರೋಪಿನಲ್ಲಿ ಗಣಿತಜ್ಞ ಆಯ್ಲರ್ ಈ ಸಮಸ್ಯೆಯನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡದ್ದು 1759ರಲ್ಲಿ.

ಮುಮ್ಮಡಿಯವರು ಸುಮ್ಮನೆ ಸುತ್ತಿಸಿ ತೃಪ್ತರಾಗಲಿಲ್ಲ. ಕುದುರೆ ಮೆಟ್ಟಿದ ಕ್ರಮದಲ್ಲಿ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಹಾಕಿದರೆ ಒಟ್ಟು ಮೊತ್ತ 2,080. ಎಂಟು ಸಾಲುಗಳಿಗೆ ಸಮನಾಗಿ ಹಂಚಿದರೆ ಸಾಲಿಗೆ 260. ಅಡ್ಡ ಸಾಲು ಎಂಟು, ಉದ್ದ ಸಾಲು ಎಂಟು, ಎಲ್ಲವನ್ನೂ ಬೇರೆಬೇರೆಯಾಗಿ ಕೂಡಿದರೆ 260 ಬರುವಂತೆ ಕುದುರೆಯನ್ನು ನಡೆಸಲಾದೀತೇ ಎಂಬುದು ಮುಂದಿನ ಪ್ರಶ್ನೆ. ಅಂಕಿಗಳನ್ನು ಬೇಕಾದಲ್ಲಿ ಇಡುವ ಸ್ವಾತಂತ್ರ್ಯ ಇಲ್ಲಿಲ್ಲ. ಮೂವತ್ತು ಎಲ್ಲಿ ಕೂತಿದೆಯೋ ಅಲ್ಲಿಂದ ಕುದುರೆ ಜಿಗಿಯಬಲ್ಲ ಮನೆಯಲ್ಲೇ ಮೂವತ್ತೊಂದು ಕೂರಬೇಕು. ಇಂಥ ಸಂಚಾರವನ್ನು ಇಂಗ್ಲೆಂಡಿನಲ್ಲಿ ವಿಲಿಯಂ ಬೆವರ್ಲಿ 1848ರಲ್ಲಿ ಮೊದಲ ಬಾರಿಗೆ ಪ್ರಕಟಿಸಿದ. ಮೈಸೂರಿನ ದೊರೆಯೂ ಇದನ್ನು ಸಾಧಿಸಿದರು. ಚದುರಂಗದ ಚರಿತ್ರೆ ಬರೆದ ಎಚ್.ಜೆ.ಆರ್. ಮರ್ರೆ ಅದನ್ನು 1852 ಮತ್ತು 1868ರ ನಡುವಿನದೆಂದು ಗುರುತಿಸಿದ್ದಾನೆ. ಕರ್ಣದ ಎರಡು ಸಾಲುಗಳೂ 260 ಆಗುವ ಸಂಚಾರ ಉಂಟೇ ಎಂಬುದು ನೂರೈವತ್ತು ವರ್ಷ ಬಗೆಹರಿಯದೆ ಉಳಿದಿತ್ತು. 2003ರಲ್ಲಿ ಕಂಪ್ಯೂಟರುಗಳು ಎರಡು ತಿಂಗಳು ಲೆಕ್ಕ ಹಾಕಿ, ಅಡ್ಡ ಉದ್ದ ಹೊಂದುವ ಸಂಚಾರಗಳು ಒಟ್ಟು 140 ಬಗೆಯವು, ಕರ್ಣವೂ ಹೊಂದುವುದು ಒಂದೂ ಇಲ್ಲ ಎಂದು ತೀರ್ಮಾನಿಸಿದವು. ಲೆಕ್ಕವಿಲ್ಲದಷ್ಟು ಸಂಚಾರಗಳ ರಾಶಿಯಲ್ಲಿ ಆ 140ರ ಪೈಕಿ ಒಂದನ್ನು ಕಂಪ್ಯೂಟರಿಲ್ಲದ ಕಾಲದಲ್ಲಿ ಹಿಡಿದದ್ದು ಕಾಲಹರಣದ ಹವ್ಯಾಸಕ್ಕೆ ಮೀರಿದ ಕೆಲಸವೆಂದು ಒಪ್ಪಬೇಕಾಗುತ್ತದೆ.

ಆ ಕಾಲದಲ್ಲಿ ನಮ್ಮವರು ಆಡುತ್ತಿದ್ದುದು ನಾಡ ಚದುರಂಗ ಎಂಬುದನ್ನು ಇಲ್ಲಿ ನೆನಪಿಡಬೇಕು. ಇಂಗ್ಲಿಷ್ ಪದ್ಧತಿಯಲ್ಲಿ ಕಾಲಾಳು ಮೊದಲ ಸಲ ಎರಡು ಮನೆ ಹೋಗಬಹುದು, ನಮ್ಮದರಲ್ಲಿ ಒಂದೇ. ರಾಜನನ್ನು ಆನೆಯ ಮರೆಗೆ ಒಯ್ಯುವ ನಡೆ ಇಲ್ಲ. ಬದಲಿಗೆ ರಾಜ ಒಂದೇ ಒಂದು ಸಲ ಕುದುರೆಯಂತೆ ಹಾರಬಹುದು. ನನ್ನ ಬಾಲ್ಯದಲ್ಲಿ ತೆಕ್ಕಟ್ಟೆಯ ಕೆಲವು ಹಿರಿಯರು ಈ ಕ್ರಮವನ್ನೇ ಪಾಲಿಸುತ್ತಿದ್ದರು, ಪೇಟೆಯ ಆಟವೆಂದರೆ ಅವರಿಗೆ ಅವಸರದ ಆಟ. ಸತ್ಯಜಿತ್ ರಾಯರ ಚಿತ್ರದಲ್ಲಿಯೂ ಮುನ್ಷಿಯೊಬ್ಬ ಜಹಗೀರುದಾರರಿಗೆ ಇಂಗ್ಲಿಷ್ ನಿಯಮಗಳನ್ನು ವಿವರಿಸುವ ದೃಶ್ಯವಿದೆ. ಕಾಲಾಳು ಒಂದೊಂದೇ ಮನೆ ಸರಿಯುವುದರಿಂದ ಎರಡು ಪಡೆಗಳೂ ಬೇಗನೆ ಮುಖಾಮುಖಿಯಾಗುವುದಿಲ್ಲ. ಮೊದಲು ತಮ್ಮ ತಮ್ಮ ಅಂಗಳದಲ್ಲಿ ವ್ಯೂಹ ಕಟ್ಟಿಕೊಂಡು ಆಮೇಲೆ ಕೈಮಿಲಾಯಿಸುವುದು ಆಟದ ಆರಂಭದ ಕ್ರಮವಾಗಿತ್ತು.

ಮುಮ್ಮಡಿಯವರು ಮೈಸೂರಿನಲ್ಲಿ ಕುದುರೆ ಸುತ್ತಿಸುತ್ತಿದ್ದ ವರ್ಷಗಳಲ್ಲೇ ಕಲ್ಕತ್ತೆಯಲ್ಲಿ ಮಹೇಶಚಂದ್ರ ಬಂದ್ಯೋಪಾಧ್ಯಾಯರು ಜಾನ್ ಕಾಕ್ರನ್ ಎಂಬ ಬ್ಯಾರಿಸ್ಟರನೊಂದಿಗೆ ಇಂಗ್ಲಿಷ್ ನಿಯಮದಲ್ಲಿ ನೂರಾರು ಪಂದ್ಯಗಳನ್ನಾಡಿದರು. ನಿಯಮ ಬದಲಾದರೂ ಕೈಯ ರೂಢಿ ಬದಲಾಗಲಿಲ್ಲ. ಕುದುರೆಯ ಮುಂದಿನ ಕಾಲಾಳನ್ನು ಒಂದೇ ಮನೆ ಸರಿಸಿ, ತೆರವಾದ ಮನೆಗೆ ಒಂಟೆಯನ್ನು ತಂದು, ದೂರದಿಂದ ನಡುಮನೆಗಳ ಮೇಲೆ ಕಣ್ಣಿಡುವುದು ಅವರ ಕ್ರಮ. ಕಾಕ್ರನ್ ಬರೆದಿಟ್ಟ ಪಂದ್ಯಗಳ ಮೂಲಕ ಅದು ಯುರೋಪಿಗೆ ತಲಪಿತು. ಇಂದು ಜಗತ್ತಿನ ಪ್ರತಿಯೊಂದು ಟೂರ್ನಿಯಲ್ಲಿಯೂ ಆಡುವ ಭಾರತೀಯ ರಕ್ಷಣೆಗಳೆಂಬ ಆರಂಭಗಳಿಗೆ ಆ ಹೆಸರು ಬಂದದ್ದು ಹೀಗೆ. 1930-31ರ ಹೇಸ್ಟಿಂಗ್ಸ್ ಟೂರ್ನಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾ, ಪಂಜಾಬಿನ ಮೀರ್ ಸುಲ್ತಾನ್ ಖಾನರ ಎದುರು ಇಂಥದೇ ಒಂದು ರಕ್ಷಣೆಯನ್ನು ಆರಿಸಿಕೊಂಡರು. ನಾಡ ಚದುರಂಗದಲ್ಲಿ ಪಳಗಿ ಬಂದಿದ್ದ ಸುಲ್ತಾನ್ ಖಾನ್ ಐದನೆಯ ನಡೆಯಲ್ಲಿ ಅಂಚಿನ ಕಾಲಾಳನ್ನು ಒಂದೇ ಮನೆ ಸರಿಸಿ ಕಾದರು; ಮುಂದೆ ತಮ್ಮ ಮಂತ್ರಿಯನ್ನು ಬಿಟ್ಟುಕೊಟ್ಟು ಎರಡು ಆನೆಗಳನ್ನು ಪಡೆದು, 65 ನಡೆಗಳಲ್ಲಿ ಗೆದ್ದರು. ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಸಿಕ್ಕಿದ್ದು 2024ರಲ್ಲಿ, ತೀರಿಹೋಗಿ 58 ವರ್ಷಗಳಾದ ಮೇಲೆ. ಮೈಸೂರಿನ ದೊರೆಗೆ ಎದುರಾಳಿಯೇ ಬೇಕಿರಲಿಲ್ಲ. ಅವರ ಕುದುರೆ ಯಾರನ್ನೂ ಕಡಿಯುವುದಿಲ್ಲ, ಯಾರಿಂದಲೂ ಕಡಿಸಿಕೊಳ್ಳುವುದಿಲ್ಲ.

ಅತ್ತ ಸಂಸ್ಥಾನದ ಪ್ರಶ್ನೆ ಮುಗಿದಿರಲಿಲ್ಲ. ಅಧಿಕಾರ ಮರಳಿಸಬೇಕೆಂಬ ಮನವಿಗಳು ಮೈಸೂರಿನಿಂದ ಕಲ್ಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಗುತ್ತಲೇ ಇದ್ದವು. 1857ರ ಬಿರುಗಾಳಿಯಲ್ಲಿ ಮೈಸೂರು ಶಾಂತವಾಗಿತ್ತು, ಸರ್ಕಾರ ಕೃತಜ್ಞತೆಯನ್ನೂ ತಿಳಿಸಿತು. ಆದರೂ 1860ರಲ್ಲಿ ದೇಶದ ಇತರ ಅರಸರಿಗೆ ದತ್ತು ತೆಗೆದುಕೊಳ್ಳುವ ಹಕ್ಕಿನ ಸನದುಗಳನ್ನು ಹಂಚಿದಾಗ ಮೈಸೂರನ್ನು ಕೈಬಿಡಲಾಯಿತು. ಔರಸ ಪುತ್ರನಿಲ್ಲದ ಮುದಿ ದೊರೆ ತೀರಿಕೊಂಡರೆ ಸಂಸ್ಥಾನ ತಾನಾಗಿ ಬ್ರಿಟಿಷರದಾಗುತ್ತದೆ ಎಂಬ ಲೆಕ್ಕಾಚಾರ ಕಲ್ಕತ್ತೆಯಲ್ಲಿತ್ತು. 1865ರ ಜೂನ್ 18ರಂದು, ಎಪ್ಪತ್ತರ ವಯಸ್ಸಿನಲ್ಲಿ, ಮುಮ್ಮಡಿಯವರು ಯಾರ ಅಪ್ಪಣೆಗೂ ಕಾಯದೆ ಎರಡು ವರ್ಷದ ಚಾಮರಾಜೇಂದ್ರರನ್ನು ಶಾಸ್ತ್ರೋಕ್ತವಾಗಿ ದತ್ತು ತೆಗೆದುಕೊಂಡರು. ವೈಸರಾಯ್ ಜಾನ್ ಲಾರೆನ್ಸ್ ದತ್ತಕವನ್ನು ಮಾನ್ಯ ಮಾಡಲಿಲ್ಲ. ವಿಷಯ ಲಂಡನ್ನಿಗೆ ಹೋಯಿತು, ಅಲ್ಲಿನ ಪತ್ರಿಕೆಗಳು, ಸಂಸತ್ತಿನ ಸದಸ್ಯರು ಪಕ್ಷ ವಹಿಸಿದರು. 1867ರ ಏಪ್ರಿಲಿನಲ್ಲಿ ಭಾರತ ಮಂತ್ರಿ ಸ್ಟ್ಯಾಫರ್ಡ್ ನಾರ್ತ್‌ಕೋಟ್ ವೈಸರಾಯರ ನಿಲುವನ್ನು ತಳ್ಳಿಹಾಕಿ ರಾಜವಂಶ ಮುಂದುವರಿಯಬೇಕೆಂದು ತೀರ್ಮಾನಿಸಿದರು. ಈ ಮೂವತ್ತಾರು ವರ್ಷಗಳ ಹೋರಾಟವನ್ನು ಚದುರಂಗದ ಪಂದ್ಯಕ್ಕೆ ಹೋಲಿಸುವ ಆಸೆ ಬರಹಗಾರರಿಗೆ ಹುಟ್ಟುವುದು ಸಹಜ. ಹೋಲಿಕೆ ಸರಿಹೊಂದದು. ಚದುರಂಗದಲ್ಲಿ ಎರಡೂ ಕಡೆಯವರಿಗೆ ಒಂದೇ ನಿಯಮ.

ದತ್ತಕದ ಊರ್ಜಿತವನ್ನು ಕೇಳಿ ಒಂದು ವರ್ಷವೂ ತುಂಬುವ ಮೊದಲು, 1868ರ ಮಾರ್ಚ್ 27ರಂದು, ಮುಮ್ಮಡಿಯವರು ಕಾಲವಾದರು. ಮಗುವಿಗೆ ಆ ವರ್ಷವೇ ಪಟ್ಟವಾಯಿತು. 1881ರ ಮಾರ್ಚ್ 25ರಂದು ಸಂಸ್ಥಾನ ಚಾಮರಾಜೇಂದ್ರರಿಗೆ ಮರಳಿತು. ಮರಳಿಸಿದ ಪತ್ರದಲ್ಲಿಯೇ ಪೊಗದಿಯನ್ನು 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿಸಲಾಗಿತ್ತು. 1876-78ರ ಮಹಾಕ್ಷಾಮದಿಂದ ಬರಿದಾಗಿದ್ದ ಖಜಾನೆಯನ್ನು ನೋಡಿ ಹೆಚ್ಚಳದ ವಸೂಲಿಯನ್ನು ಮುಂದಕ್ಕೆ ಹಾಕಬೇಕಾಯಿತು.

1897ರಲ್ಲಿ ಮೈಸೂರಿನ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ರಾಜಪರಿವಾರ ಜಗನ್ಮೋಹನ ಅರಮನೆಗೆ ಬಂದು ನೆಲೆಸಿತು. 1902ರ ಆಗಸ್ಟ್ 8ರಂದು ಲಾರ್ಡ್ ಕರ್ಜನ್ ಅಲ್ಲಿಯೇ ಚಾಮರಾಜೇಂದ್ರರ ಮಗ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಪೂರ್ಣ ಅಧಿಕಾರ ವಹಿಸಿಕೊಟ್ಟರು. ಆ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿಯವರು ಬರೆಸಿದ್ದ ಆಟದ ಹಾಸುಗಳಿದ್ದವು. ಇಂದು ಅಲ್ಲಿ ಚಿತ್ರಶಾಲೆಯಿದೆ. ಬಂದವರು ದೀಪ ಹಿಡಿದ ಮಹಿಳೆಯ ಚಿತ್ರದ ಮುಂದೆ ಹೆಚ್ಚು ಹೊತ್ತು ನಿಲ್ಲುತ್ತಾರೆ, ಹಾಸುಗಳನ್ನು ದಾಟಿಕೊಂಡು ಹೋಗುತ್ತಾರೆ.